ಹಿಮ ಕರಗುವಾಗ ರಸ್ತೆ ಬದಿಯ ಹಳ್ಳದಲ್ಲಿ ಕಯಾಕ್: ತಿಳಿದವರು ಹೇಳಿ

ಪ್ರಶ್ನೆ: ದೊಡ್ಡ ನದಿಗಳಲ್ಲಿ ಕಯಾಕ್ (ಒಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ನಡೆಸುತ್ತೇವೆ, ಮೂರನೇ ದರ್ಜೆಯ (ಆರರಲ್ಲಿ ಮೂರು, ಮಧ್ಯಮ) ರಭಸ ನಮ್ಮ ಮೂವರಿಗೂ ರೂಢಿಯಿದೆ. ಈ ವಸಂತದಲ್ಲಿ ಐದಾರು ಮೀಟರ್ ಅಗಲದ ಹಳ್ಳವೊಂದಕ್ಕೆ ಇಳಿಯುವ ಯೋಚನೆ. ಹಿಮ ಕರಗುವ ಕೆಲವು ವಾರ ಮಾತ್ರ ಅದರಲ್ಲಿ ದೋಣಿ ತೇಲುವಷ್ಟು ನೀರು. ಉದ್ದಕ್ಕೂ ರಸ್ತೆ ಪಕ್ಕದಲ್ಲೇ ಇರುವುದರಿಂದ ಅಪಾಯ ಕಡಿಮೆ ಎಂದುಕೊಂಡಿದ್ದೇವೆ. ಯಾವ ಹೊತ್ತಿಗೆ ಇಳಿಯಬೇಕು, ಏನೇನು ಒಯ್ಯಬೇಕು?

ಉತ್ತರ: ರಸ್ತೆಯಿಂದ ಸಿಗುವ ಅನುಕೂಲ ಒಂದೇ, ಬೇಡವೆನಿಸಿದರೆ ಅರ್ಧಕ್ಕೇ ಬಿಟ್ಟು ಮೇಲೆ ಹತ್ತಬಹುದು. ಉಳಿದದ್ದೆಲ್ಲ ತೊಂದರೆಯೇ. ರಸ್ತೆ ಕೊಚ್ಚಿಹೋಗದಿರಲೆಂದು ದಂಡೆಗೆ ಸುರಿದ ಬಂಡೆಗಳು ಸಿಡಿಮದ್ದಿನಿಂದ ಒಡೆದವು. ನೀರು ಸವೆಸಿದ ಕಲ್ಲಿನ ನುಣುಪು ಅವಕ್ಕಿಲ್ಲ. ಸಂದಿಗಳಲ್ಲಿ ನೀರು ನುಗ್ಗಿಹೋಗುತ್ತದೆ, ದೋಣಿ, ಕಾಲು ಸಿಕ್ಕಿಕೊಳ್ಳುತ್ತವೆ. ಆ ದಂಡೆಯ ಪಕ್ಕದಲ್ಲಿ ನಿಂತು ಉಸಿರೆಳೆದುಕೊಳ್ಳಲು ಎಡ್ಡಿಗಳೂ (ಬಂಡೆ, ತಿರುವುಗಳ ಮರೆಯಲ್ಲಿ ನೀರು ಹಿಮ್ಮುಖವಾಗಿ ಸುತ್ತುವ ಶಾಂತ ಜಾಗ) ಕಡಿಮೆ. ಜೊತೆಗೆ ಹಳೇ ಕಾಂಕ್ರೀಟಿನಿಂದ ಚಾಚಿದ ಕಬ್ಬಿಣದ ಸರಳು, ಅಡ್ಡ ಕಟ್ಟಿದ ತಂತಿಬೇಲಿ.

ಮೋರಿಯೊಳಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ಆ ತುದಿಯ ಬೆಳಕು ಕಂಡರೂ ಸರಿಯೇ. ನಡುವೆ ಒಂದು ದಿಮ್ಮಿ ಅಡ್ಡ ಸಿಕ್ಕಿದ್ದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಪ್ರತಿ ಮೋರಿ, ತಗ್ಗು ಸೇತುವೆಗೂ ಮುಂಚಿನ ಕೊನೆಯ ಎಡ್ಡಿ ಯಾವುದು ಎಂದು ನಡೆದೇ ಗುರುತಿಸಿಕೊಳ್ಳಿ. ಕಾರಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಮೇಲಿನಿಂದ ನೋಡಿದಾಗ ಇಳಿಜಾರು ಚಪ್ಪಟೆಯಾಗಿ ಕಾಣುತ್ತದೆ.

ಉತ್ತರ: ಹೊತ್ತಿನ ವಿಚಾರ. ಬಿಸಿಲಿಗೆ ಕರಗಿದ ನೀರು ಸಣ್ಣ ಹಳ್ಳದ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆಯೊಳಗೆ ಉಕ್ಕುತ್ತೆ. ಹಿಮ ದೂರವಿದ್ದಷ್ಟೂ ತಡ, ಕೆಲವು ಕಡೆ ರಾತ್ರಿಯೂ ಆಗಬಹುದು. ಬೆಳಿಗ್ಗೆ ಅತಿ ಕಡಿಮೆ. ಹಾಗಾಗಿ ಬೆಳಿಗ್ಗೆ ನಡೆದು ನೋಡಿ, ನಡುಹಗಲಿನ ಹೊತ್ತಿಗೆ ಇಳಿದು, ಉಕ್ಕುವ ಮುಂಚೆ ಮುಗಿಸಿ. ಬೆಳಿಗ್ಗೆ ನೋಡಿದ ಹಳ್ಳವೇ ನಾಲ್ಕು ಗಂಟೆಗೂ ಇರುತ್ತದೆ ಅನ್ನೋ ಲೆಕ್ಕ ಮಾತ್ರ ಹಾಕಬೇಡಿ.

ನೀರಿನ ಅಂಚಿನಲ್ಲಿ ಒಂದು ಕಲ್ಲು ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಮುಳುಗಿದ್ದರೆ ಏರುತ್ತಿದೆ ಅಂತ. ನೀರು ಕದಡಿ ಕಂದು ಬಣ್ಣಕ್ಕೆ ತಿರುಗಿ, ತರಗೆಲೆ, ಕಡ್ಡಿ ತೇಲಿಬರುತ್ತಿದ್ದರೂ ಅದೇ ಅರ್ಥ. ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗೆ ಹೋಗದಿದ್ದರೆ ಬೆಳಿಗ್ಗೆಯೂ ನೀರು ಅಷ್ಟಾಗಿ ಇಳಿಯುವುದಿಲ್ಲ. ಹಿಮದ ಮೇಲೆ ಮಳೆ ಬಿದ್ದ ದಿನ ಮನೆಯಲ್ಲಿರಿ.

ಅಳತೆ ಪಟ್ಟಿ ಇಲ್ಲದ ಹಳ್ಳವಾದರೆ ಲೆಕ್ಕ ಹೀಗೆ: ಅಗಲ 6 ಮೀಟರ್, ಸರಾಸರಿ ಆಳ ಅರ್ಧ ಮೀಟರ್, ತೇಲಿಬಿಟ್ಟ ಕಡ್ಡಿ 10 ಮೀಟರ್ ದಾಟಲು 5 ಸೆಕೆಂಡ್. ವೇಗ ಸೆಕೆಂಡಿಗೆ 2 ಮೀಟರ್. ಮೂರನ್ನೂ ಗುಣಿಸಿದರೆ 6. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ 0.85ರಿಂದ ಮತ್ತೆ ಗುಣಿಸಿ: ಸೆಕೆಂಡಿಗೆ ಸುಮಾರು 5 ಘನ ಮೀಟರ್. ಅಂದಾಜೇ, ಆದರೆ ಮುಂದಿನ ಸಲ ಹೋಲಿಸಲು ಬರೆದಿಟ್ಟುಕೊಳ್ಳಿ.

ಉತ್ತರ: ಮೇಲಿನವರು ಬಿಟ್ಟಿದ್ದು ಮರ. ಸಣ್ಣ ಹಳ್ಳದಲ್ಲಿ ಒಂದೇ ಮರ ಈ ದಡದಿಂದ ಆ ದಡಕ್ಕೆ ಬೀಳುತ್ತೆ. ಕೊಂಬೆಗಳ ನಡುವೆ ನೀರು ಸೋರಿಹೋಗಿ ಮನುಷ್ಯ ಉಳಿಯುತ್ತಾನೆ, ಥೇಟ್ ಚಹಾ ಸೋಸುವ ಜಾಲರಿ. ನೀರಿನ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಹಿಡಿದು ನಿಲ್ಲುತ್ತೇನೆ ಅನ್ನುವ ಮಾತಿಲ್ಲ. ಹೋದ ವಾರ ಇಲ್ಲದ ಮರ ಈ ವಾರ ಇರಬಹುದು. ತಿರುವಿನ ಆಚೆ ಕಾಣದಿದ್ದರೆ ಇಳಿದು ನೋಡಿ.

ನೀರಿಗೆ ಬಿದ್ದಾಗ ಅಂಗಾತ, ಕಾಲು ಮೇಲೆ, ಕೆಳಹರಿವಿನ ಕಡೆಗೆ. ಮೊಣಕಾಲಿಗಿಂತ ಆಳದ ಹರಿವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನಡಿ ಸಿಕ್ಕಿ, ಹರಿವು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತೆ. ಆದರೆ ಎದುರಿಗೆ ಮರ ಬಂದು ತಪ್ಪಿಸಿಕೊಳ್ಳಲು ಆಗದೇ ಹೋದರೆ ಕಾಲು ಮುಂದಿಡಬೇಡಿ. ಬೋರಲು ತಿರುಗಿ, ತಲೆ ಮುಂದು ಮಾಡಿ, ಅದರ ಕಡೆಗೇ ಜೋರಾಗಿ ಈಜಿ, ಎದೆ ದಿಮ್ಮಿಯ ಮೇಲೆ ಬರುವಂತೆ ಹತ್ತಿ.

ಉತ್ತರ: ಸಾಮಾನು: ಎರಡೂವರೆ ಮೀಟರಿನ ಆಸುಪಾಸಿನ, ಮೂತಿ ಮೇಲಕ್ಕೆ ಬಾಗಿದ ಕ್ರೀಕ್ ಬೋಟ್ (ಕಡಿದಾದ ಸಣ್ಣ ಹಳ್ಳಗಳಿಗೆಂದೇ ಮಾಡಿದ ಕಯಾಕ್). ಹಿಂಭಾಗದಲ್ಲಿ ಗಾಳಿ ಚೀಲ ಇರಲೇಬೇಕು, ಇಲ್ಲದಿದ್ದರೆ ನೀರು ತುಂಬಿದ ದೋಣಿಯನ್ನು ಮೂವರು ಸೇರಿದರೂ ಎಳೆಯಲಾಗದು. ಪ್ರತಿಯೊಬ್ಬರಿಗೂ 15ರಿಂದ 20 ಮೀಟರ್ ತೇಲುವ ಹಗ್ಗದ ಥ್ರೋ ಬ್ಯಾಗ್ (ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ), ಸೀಟಿ, ಚಾಕು. ತಂಡಕ್ಕೆ ಎರಡು ಪುಲ್ಲಿ, ನಾಲ್ಕು ಕ್ಯಾರಬಿನರ್ (ತೆರೆದು ಮುಚ್ಚುವ ಲೋಹದ ಕೊಂಡಿ), ಎರಡು ಪ್ರೂಸಿಕ್ ಕುಣಿಕೆ (ಎಳೆದಾಗ ಹಗ್ಗವನ್ನು ಬಿಗಿಯಾಗಿ ಕಚ್ಚುವ ದಾರದ ಕುಣಿಕೆ), ಮರಕ್ಕೋ ಬಂಡೆಗೋ ಸುತ್ತಲು ಒಂದು ಉದ್ದ ಪಟ್ಟಿ. ಇವು ಕಲ್ಲಿಗೆ ಅಂಟಿದ ದೋಣಿಯನ್ನು ಒಂದಕ್ಕೆ ಮೂರರ ಬಲದಲ್ಲಿ ಎಳೆಯಲು. ಬಿಚ್ಚಿ ಜೋಡಿಸುವ ಹುಟ್ಟು ಒಂದು ಹೆಚ್ಚಿಗೆ. ಹುಟ್ಟು ನೆಟ್ಟಗೆ ಎತ್ತಿದರೆ ಬಾ, ಅಡ್ಡ ಹಿಡಿದರೆ ನಿಲ್ಲು: ಇಳಿಯುವ ಮುಂಚೆ ಮೂವರೂ ಒಪ್ಪಿಕೊಂಡಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಒಬ್ಬರ ಬಳಿ 3 ಮಿಲಿಮೀಟರಿನ ವೆಟ್‌ಸೂಟ್ (ಮೈ ಒದ್ದೆಯಾದರೂ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಮಾತ್ರ ಇದೆ. ಹೊರಗೆ 18 ಡಿಗ್ರಿ ಇರುತ್ತಲ್ಲ, ಸಾಕಾಗಲ್ವಾ?

ಉತ್ತರ: ಸಾಲದು. ಉಡುಪು ನೀರಿಗೆ ಹೊಂದಬೇಕು, ಗಾಳಿಗಲ್ಲ. ಹಿಮದಿಂದ ಈಗಷ್ಟೇ ಇಳಿದ ನೀರು 5 ಡಿಗ್ರಿಗಿಂತ ತಣ್ಣಗಿರಬಹುದು. ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಹತ್ತು ನಿಮಿಷದ ಹೊತ್ತಿಗೆ ಬೆರಳು ಹಗ್ಗ ಹಿಡಿಯುವುದಿಲ್ಲ. ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು), ಒಳಗೆ ಉಣ್ಣೆ ಇಲ್ಲವೇ ಫ್ಲೀಸ್, ಹತ್ತಿ ಬೇಡ. ಇಳಿಯುವ ಮುಂಚೆ ಜಿಪ್ ಕೊನೆಯವರೆಗೆ ಎಳೆದಿದೆಯೇ ಎಂದು ಒಬ್ಬರದನ್ನೊಬ್ಬರು ಮುಟ್ಟಿ ನೋಡಿ. ಕುತ್ತಿಗೆಯ ರಬ್ಬರ್ ಸ್ವಲ್ಪ ಎಳೆದು ಕುಕ್ಕರುಗಾಲಲ್ಲಿ ಕೂತು ಒಳಗಿನ ಗಾಳಿ ಹೊರಗೆ ಬಿಡಿ.

ಇನ್ನೊಂದು: ಕೊನೆಗೆ ದಡ ಹತ್ತುವ ಜಾಗ ರಸ್ತೆಯಿಂದ ಕಂಡ ಹಾಗೆ ನೀರಿನಿಂದ ಕಾಣುವುದಿಲ್ಲ. ಅಲ್ಲಿ ಕಣ್ಣಿಗೆ ಹೊಡೆಯುವ ಬಣ್ಣದ ಪಟ್ಟಿಯೊಂದನ್ನು ಕೊಂಬೆಗೆ ಕಟ್ಟಿ, ಮುಗಿದ ಮೇಲೆ ಬಿಚ್ಚಿಕೊಳ್ಳಿ. ಅದಕ್ಕಿಂತ ಐವತ್ತು ಮೀಟರ್ ಮುಂಚೆ, ಮೇಲ್ಹರಿವಿನ ಕಡೆ, ಇನ್ನೊಂದು ಕಟ್ಟಿದರೆ ಎಡ್ಡಿಗೆ ತಿರುಗಲು ಸಮಯ ಸಿಗುತ್ತದೆ.