ಸಯ್ಯಾಜಿರಾವ್ ರಸ್ತೆಯ ಹಳೇ ಅಂಗಡಿ: ಮುಂಭಾಗ ಒಡೆಯದೆ ರಿಪೇರಿ ಮಾಡೋದು ಹೇಗೆ?

ಹಲಗೆ ಬಾಗಿಲು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ, ಸಯ್ಯಾಜಿರಾವ್ ರಸ್ತೆಯಲ್ಲಿ ನಮ್ಮದೊಂದು ಗ್ರಂಥಿಗೆ ಅಂಗಡಿ ಇದೆ. ತಾತ ಶುರು ಮಾಡಿದ್ದು. ಅರಿಶಿನ, ಕುಂಕುಮ, ಊದುಬತ್ತಿ, ಬಜೆ, ಅಳಲೆಕಾಯಿ, ಬಾಣಂತಿ ಸಾಮಾನು ಎಲ್ಲ ಸಿಗುತ್ತದೆ. ಕೆಳಗೆ ಅಂಗಡಿ, ಮೇಲೊಂದು ಅಂತಸ್ತು, ಕಮಾನಿನ ಮೂರು ಕಿಟಕಿ, ಮುಂದೆ ಸಣ್ಣ ಬಾಲ್ಕನಿ.

ಬಾಗಿಲು ಇವತ್ತಿಗೂ ಹಲಗೆಯದೇ. ಒಟ್ಟು 11 ಹಲಗೆ. ಒಂದೊಂದರ ಒಳಮೈ ಮೇಲೂ ಉಳಿಯಲ್ಲಿ ಕೊರೆದ ಕನ್ನಡ ಅಂಕಿ ಇದೆ. ರಾತ್ರಿ ಒಂದರಿಂದ ಶುರು ಮಾಡಿ ಚೌಕಟ್ಟಿನ ಸಂದಿಗೆ ಸೇರಿಸುತ್ತಾ ಹೋಗಬೇಕು, ಬೆಳಿಗ್ಗೆ ಹನ್ನೊಂದನೆಯದು ಮೊದಲು ತೆಗೀಬೇಕು. ಮಳೆಗಾಲದಲ್ಲಿ ಏಳನೆಯದು ಊದಿಕೊಳ್ಳುತ್ತದೆ. ಅಂಗೈಯಲ್ಲಿ ಎರಡು ಸಲ ಗುದ್ದಿದರೆ ಕೂರುತ್ತದೆ. ನಮ್ಮಪ್ಪನೂ ಹಾಗೇ ಗುದ್ದುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಬಾಲ್ಕನಿ ಕೆಳಗೆ ಗಾರೆ ಉದುರಿತು. ಒಬ್ಬ ಮೇಸ್ತ್ರಿಯನ್ನು ಕರೆಸಿ ಸಿಮೆಂಟ್ ಮೆತ್ತಿಸಿದೆ. ಈ ಸಲದ ಮಳೆಯಲ್ಲಿ ಆ ಸಿಮೆಂಟೇ ಉಬ್ಬಿ, ಒಂದು ದೊಡ್ಡ ಹೆಂಟೆ ಫುಟ್‌ಪಾತ್ ಮೇಲೆ ಬಿದ್ದಿದೆ. ರಾತ್ರಿ ಬಿದ್ದಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಅಂಟಿಕೊಂಡಿದ್ದ ಇಟ್ಟಿಗೆ ಕೈಯಲ್ಲಿ ಮುಟ್ಟಿದರೆ ಪುಡಿಪುಡಿ. ಈಗ ಇನ್ನೊಬ್ಬ ಕಂಟ್ರಾಕ್ಟರ್ ಬಂದು, ಮುಂಭಾಗ ಪೂರ್ತಿ ಒಡೆದು ಗಾಜು, ಎಸಿಪಿ (ಅಲ್ಯೂಮಿನಿಯಂ) ಶೀಟ್, ರೋಲಿಂಗ್ ಶಟರ್ ಹಾಕೋಣ ಅನ್ನುತ್ತಿದ್ದಾರೆ. ಮಗನಿಗೂ ಸ್ವಲ್ಪ ಹಾಗೇ ಅನ್ನಿಸಿದೆ. ಅಂಗಡಿ ಕತ್ತಲೆ, ಹೊಸ ಗಿರಾಕಿಗಳ ಕಣ್ಣಿಗೆ ಬೀಳಲ್ಲ ಅಂತಾನೆ. ಅವನು ಹೇಳೋದರಲ್ಲೂ ತಪ್ಪಿಲ್ಲ.

ಆದರೆ ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ಸಾಲಿನಲ್ಲಿ ಮೊದಲು ಕಮಾನುಗಳು ಒಂದೇ ಎತ್ತರದಲ್ಲಿ ಉದ್ದಕ್ಕೂ ಕಾಣುತ್ತಿದ್ದವು. ಈಗ ಎರಡು ಅಂಗಡಿ ಶೀಟ್ ಹಿಂದೆ ಮುಚ್ಚಿಹೋಗಿವೆ, ಇನ್ನೊಂದನ್ನು ಫ್ಲೆಕ್ಸ್ ನುಂಗಿದೆ. ದೇವರಾಜ ಮಾರುಕಟ್ಟೆ, ಇಲ್ಲೇ ಹತ್ತಿರದ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕೆಡವಬೇಕೋ ಉಳಿಸಬೇಕೋ ಅಂತ ಊರೆಲ್ಲ ವರ್ಷಗಟ್ಟಲೆ ಮಾತಾಡಿತು. ಅಷ್ಟರಲ್ಲಿ ನಮ್ಮಂಥ ಸಣ್ಣ ಅಂಗಡಿಗಳು ಒಂದೊಂದಾಗಿ ಮುಖ ಬದಲಿಸಿಕೊಂಡವು. ಅದನ್ನು ಯಾರೂ ಕೇಳಲಿಲ್ಲ. ಮಾಡಿದ್ದು ನಾವೇ, ಅಂಗಡಿಯವರೇ.

ಹಾಗಂತ ಅಪಾಯ ಇದ್ದರೂ ಉಳಿಸಿ ಅಂತ ನಾನು ಹೇಳಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋದವು. 2016ರಲ್ಲಿ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ ಬಿತ್ತು. ಮೊದಲೆಲ್ಲ ಜಂಬೂಸವಾರಿ ದಿನ ನಮ್ಮ ಬಾಲ್ಕನಿಯಲ್ಲಿ ನೆಂಟರು, ಮಕ್ಕಳು ಸೇರಿ ಇಪ್ಪತ್ತು ಜನ ನಿಲ್ಲುತ್ತಿದ್ದೆವು. ಅಂಬಾರಿ ಕಣ್ಣ ಮುಂದೆಯೇ ಹೋಗೋದು. 2012ರ ಆಮೇಲೆ ಒಬ್ಬರನ್ನೂ ಹತ್ತಿಸಿಲ್ಲ.

ಕೇಳಬೇಕಾಗಿರುವುದು ಇಷ್ಟೇ. ಮುಂಭಾಗ ಒಡೆಯದೆ ಗಟ್ಟಿ ಮಾಡಬಹುದಾ? ಸುಣ್ಣದ ಗಾರೆ ಕೆಲಸ ಗೊತ್ತಿರುವವರು ಈಗಲೂ ಇದ್ದಾರಾ?

ಸುಣ್ಣ ಸುರ್ಕಿ:

ಸಾರ್, ಹಳೇ ಕಟ್ಟಡಗಳ ರಿಪೇರಿ ನನ್ನ ಕೆಲಸ. ನಿಮ್ಮ ಗೋಡೆಗೆ ಏನಾಗಿದೆ ಅಂತ ನೀವು ಬರೆದಿದ್ದರಲ್ಲೇ ಗೊತ್ತಾಗುತ್ತದೆ. ಸುಣ್ಣದಲ್ಲಿ ಕಟ್ಟಿದ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಕುಡಿದ ನೀರು ಹೊರಗೆ ಬರೋಕೆ ದಾರಿ ಇಲ್ಲ. ಒಳಗಿನ ಇಟ್ಟಿಗೆ ಕೊಳೆತ ಹಾಗಾಗುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗೇ ಇರುತ್ತದೆ, ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಮೇಸ್ತ್ರಿ ಮೋಸ ಮಾಡಿದ್ದಲ್ಲ, ಈಗಿನವರಿಗೆ ಅದೊಂದೇ ಗೊತ್ತು.

ಗಾರೆ ಆಮೇಲೆ ನೋಡೋಣ, ಮೊದಲು ತಾರಸಿ ಹತ್ತಿ. ನಿಮ್ಮದು ಮದ್ರಾಸ್ ತಾರಸಿ ಇರಬೇಕು, ತೇಗದ ತೊಲೆ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣ ಹಾಕಿದ್ದು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲೇ ಲಡ್ಡು ಹಿಡಿಯೋದು. ಹೊರಗಿನಿಂದ ಕಾಣಲ್ಲ. ಒಂದು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ. ಒಳಗೆ ಇಳಿದರೆ ಆ ತೊಲೆ ಬದಲಿಸಲೇಬೇಕು. ಮಳೆ ನೀರಿನ ಪೈಪ್ ಒಡೆದಿದೆಯಾ, ಕೈಪಿಡಿ ಗೋಡೆಯಲ್ಲಿ ಅರಳಿ ಗಿಡ ಎದ್ದಿದೆಯಾ, ಅದನ್ನೂ ನೋಡಿ. ಗಿಡ ಸುಮ್ನೆ ಕತ್ತರಿಸಿದರೆ ಬೇರು ಒಳಗೇ ದಪ್ಪ ಆಗುತ್ತಾ ಹೋಗುತ್ತದೆ. ಬುಡ ಬಿಡಿಸಿ ತೆಗೆಸಬೇಕು. ಬಾಲ್ಕನಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರು ನೋಡುವವರೆಗೆ ಕೆಳಗೆ ಬಲೆ ಕಟ್ಟಿಸಿ, ಇವತ್ತೇ.

ಗಾರೆಗೆ ಬೇಕಾಗಿರೋದು ನೆನೆಸಿ ಇಟ್ಟ ಸುಣ್ಣ, ಸುರ್ಕಿ ಅಂದರೆ ಇಟ್ಟಿಗೆ ಪುಡಿ, ಮರಳು. ಸುಣ್ಣ ವಾರಗಟ್ಟಲೆ ನೆನೆಯಬೇಕು, ಅವಸರ ಮಾಡೋ ಹಾಗಿಲ್ಲ. ಕಲಸುವ ನೀರಿಗೆ ಬೆಲ್ಲ, ಅಳಲೆಕಾಯಿ ಹಾಕಿ ಹುಳಿಸುತ್ತೇವೆ. ಹಚ್ಚಿದ ಮೇಲೆ ಒದ್ದೆ ಗೋಣಿ ಕಟ್ಟಿ ನಿಧಾನವಾಗಿ ಒಣಗಿಸಬೇಕು. ಮೇಲೆ ಸುಣ್ಣವೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ. ಕೆಲಸದವರು ಕಡಿಮೆ, ಆದರೆ ಇದ್ದಾರೆ. ಪುರಾತತ್ವ ಮತ್ತು ಪರಂಪರೆ ಇಲಾಖೆ ಮೈಸೂರಿನಲ್ಲೇ ಇದೆಯಲ್ಲ, ಅಲ್ಲಿ ಹೋಗಿ ಕೇಳಿ. ನಿಮ್ಮ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆಯಾ, ಪಾಲಿಕೆ ಅನುಮತಿ ಏನೇನು ಬೇಕು ಅನ್ನೋದನ್ನೂ ಕೆಲಸ ಶುರುವಾಗೋ ಮೊದಲೇ ವಿಚಾರಿಸಿ.

ಬಟ್ಟೆ ಅಂಗಡಿ:

ನಾನು ದೇವರಾಜ ಅರಸು ರಸ್ತೆಯವನು. ನಿಮ್ಮ ಮಗನ ಮಾತನ್ನು ತಳ್ಳಿಹಾಕಬೇಡಿ. ವ್ಯಾಪಾರ ನಡೆದರೆ ತಾನೇ ಕಟ್ಟಡಕ್ಕೆ ದುಡ್ಡು ಹಾಕೋದು. ಆದರೆ ಕತ್ತಲೆಗೆ ಗಾಜೇ ಬೇಕು ಅಂತೇನಿಲ್ಲ. ಒಳಗೆ ಒಳ್ಳೆ ಲೈಟು ಹಾಕಿಸಿ, ಹಿಂದಿನ ಗೋಡೆಗೆ ಬಿಳಿ ಸುಣ್ಣ ಹೊಡೆಸಿ. ಕಮಾನಿನ ಒಳಗೆ ಕೂರುವಷ್ಟು ಚಿಕ್ಕ ಬೋರ್ಡ್ ಬರೆಸಿ, ಅದರ ಮೇಲೆ ಒಂದು ದೀಪ. ನಾನು ಶೀಟ್ ಹೊಡೆಸಿದವನು. ಆ ಶೀಟಿನ ಹಿಂದೆ ನೀರಿಳಿದು ಗೋಡೆ ಹಾಳಾಗಿದ್ದು ನನಗೆ ಮೂರು ವರ್ಷ ಗೊತ್ತೇ ಆಗಲಿಲ್ಲ.

ಇನ್ನೊಂದು ಮಾತು. ಕಟ್ಟಡ ನಿಮ್ಮ ಸ್ವಂತದ್ದಾ, ಬಾಡಿಗೆಯದ್ದಾ? ಬಾಡಿಗೆಯಾದರೆ ಮಾಲೀಕರು ಖರ್ಚು ಮಾಡಲ್ಲ, ನಾವು ಯಾಕೆ ಮಾಡಬೇಕು ಅಂತ ನಾವೂ ಕೈಕಟ್ಟಿ ಕೂರುತ್ತೇವೆ. ಎಷ್ಟೋ ಹಳೇ ಅಂಗಡಿ ಹಾಳಾಗಿದ್ದು ಇದರಿಂದಲೇ.

ಮಂಡ್ಯದ ಸೊಸೆ:

ನನ್ನ ಮದುವೆಗೆ, ಬಾಣಂತನಕ್ಕೆ ಎಲ್ಲ ಸಾಮಾನು ಅಮ್ಮ ಮೈಸೂರಿನಿಂದಲೇ ತರುತ್ತಿದ್ದರು. ಓದೋಕೆ ಬರದ ಅಜ್ಜಿಗೆ ಅಮ್ಮ ಹೇಳುತ್ತಿದ್ದ ಗುರುತು 'ಚಿಕ್ಕ ಗಡಿಯಾರದ ಗೋಪುರ ಬಲಗಡೆ ಬಿಟ್ಟುಕೊಂಡು ಹೋಗು, ಹಲಗೆ ಬಾಗಿಲು ಸಿಗುತ್ತೆ' ಅಂತ. ಅದು ನಿಮ್ಮ ಅಂಗಡಿಯೋ ಪಕ್ಕದ್ದೋ ಗೊತ್ತಿಲ್ಲ ಅಣ್ಣ. ದಯವಿಟ್ಟು ಆ ಹಲಗೆ ತೆಗೀಬೇಡಿ.

ಹಲಗೆ ಬಾಗಿಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಟ್ಟಡ ಸ್ವಂತದ್ದೇ, ನಾನು, ತಮ್ಮ ಇಬ್ಬರ ಹೆಸರಲ್ಲಿದೆ. ನಿನ್ನೆ ಬಲೆ ಕಟ್ಟಿಸಿದೆ. ಮಗನೂ ನಾನೂ ತಾರಸಿ ಹತ್ತಿದ್ದೆವು. ಪೈಪ್ ಬಾಲ್ಕನಿ ಮೇಲೆಯೇ ಒಡೆದಿದೆ, ಎಲ್ಲ ನೀರೂ ಅಲ್ಲಿಗೇ ಇಳಿಯುತ್ತಿತ್ತು. ಆರು ತೊಲೆಯಲ್ಲಿ ಐದು ಗಟ್ಟಿ. ಒಂದರಲ್ಲಿ ಸ್ಕ್ರೂಡ್ರೈವರ್ ಎರಡು ಇಂಚು ಒಳಗೆ ಹೋಯಿತು. ಎಂಜಿನಿಯರ್ ಸೋಮವಾರ ಬರುತ್ತಾರೆ. ಚಿಕ್ಕ ಬೋರ್ಡಿಗೆ ಮಗ ಒಪ್ಪಿದ್ದಾನೆ, ಅಕ್ಷರ ತಾನೇ ಬರೆಸುತ್ತೇನೆ ಅಂದಿದ್ದಾನೆ. ಶೀಟ್ ಬೇಡ ಅಂತ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಹೇಳಿದೆ.

ಸುಣ್ಣ ಸುರ್ಕಿ ಸಾರ್, ಅಳಲೆಕಾಯಿ ಎಷ್ಟು ಬೇಕಾಗುತ್ತದೆ ಅಂತ ಒಂದು ಅಂದಾಜು ಹೇಳಿ. ಒಂದು ಮೂಟೆ ನಮ್ಮ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ, ಮಾರದೆ ಎತ್ತಿಡುತ್ತೇನೆ.