ಜಾಲತಾಣಕ್ಕೆ ಒಳ್ಳೆಯ ಉಚಿತ ಥೀಮ್ ಆರಿಸುವಾಗ ಮೊದಲು ಏನನ್ನು ನೋಡಬೇಕು?

ಹೊಸಪುಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಮತ್ತು ಇತಿಹಾಸ ಕುರಿತ ದೀರ್ಘ ಲೇಖನಗಳನ್ನು ಪ್ರಕಟಿಸಲೆಂದು ನಾವು ಕೆಲವು ಗೆಳೆಯರು ಸೇರಿ ಜಾಲತಾಣ ಕಟ್ಟುವ ಉಚಿತ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಜಾಲತಾಣವೊಂದನ್ನು ಕಟ್ಟುತ್ತಿದ್ದೇವೆ. ಬರಹಗಳೆಲ್ಲ ಕನ್ನಡದಲ್ಲಿರುತ್ತವೆ; ಅಲ್ಲಲ್ಲಿ ಚಿತ್ರ, ಕೋಷ್ಟಕ, ಅಡಿಟಿಪ್ಪಣಿಗಳೂ ಬರುತ್ತವೆ. ಮಾರಾಟ, ಸದಸ್ಯತ್ವ ಮುಂತಾದವು ಯಾವುವೂ ಇಲ್ಲ. ಹಣ ಕೊಟ್ಟು ಥೀಮ್ (ತಾಣದ ನೋಟವನ್ನು ನಿರ್ಧರಿಸುವ ಸಿದ್ಧ ವಿನ್ಯಾಸ) ಕೊಳ್ಳುವ ಯೋಚನೆ ಸದ್ಯಕ್ಕಿಲ್ಲದ ಕಾರಣ ಉಚಿತ ಥೀಮ್‌ಗಳನ್ನೇ ಹುಡುಕುತ್ತಿದ್ದೇನೆ.

ತೊಡಕೇನೆಂದರೆ, ಡೆಮೊ ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಅವುಗಳ ನಡುವೆ ವ್ಯತ್ಯಾಸ ಗುರುತಿಸುವುದು ಹೇಗೆಂದು ತಿಳಿಯುತ್ತಿಲ್ಲ. ಉಚಿತವಾಗಿ ಸಿಗುವ ಥೀಮ್‌ಗಳನ್ನು ನಂಬಬಹುದೇ? ಕನ್ನಡ ಅಕ್ಷರಗಳಿಗೆ ಹೊಂದುವ ಥೀಮನ್ನು ಮೊದಲೇ ಗುರುತಿಸಲು ಸಾಧ್ಯವೇ? ಮುಂದೊಂದು ದಿನ ಥೀಮ್ ಬದಲಿಸಬೇಕಾಗಿ ಬಂದರೆ ಅಲ್ಲಿಯವರೆಗೆ ಮಾಡಿದ ಕೆಲಸ ಹಾಳಾಗದಂತೆ ಈಗಲೇ ಏನು ಎಚ್ಚರ ವಹಿಸಬೇಕು? ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಸರಳರೇಖೆ:

ನಮಸ್ಕಾರ. ಡೆಮೊವನ್ನು ನೋಡಿ ಥೀಮ್ ಆರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡೆಮೊದಲ್ಲಿ ನಮ್ಮ ಕಣ್ಣು ಸೆಳೆಯುವುದು ಥೀಮ್‌ಗಿಂತ ಹೆಚ್ಚಾಗಿ ಅದರಲ್ಲಿ ಹಾಕಿರುವ ಚಿತ್ರಗಳು. ವೃತ್ತಿಪರರು ತೆಗೆದ, ಒಂದೇ ಅಳತೆಗೆ ಕತ್ತರಿಸಿದ ಫೋಟೊಗಳು, ಎರಡು ಮೂರು ಪದಗಳ ಶೀರ್ಷಿಕೆಗಳು, ಎಲ್ಲವೂ ಸಮನಾದ ಉದ್ದವಿರುವ ಸಾರಾಂಶಗಳು ಅಲ್ಲಿರುತ್ತವೆ. ಅದೇ ಜಾಗದಲ್ಲಿ ನಿಮ್ಮ ಎಂಟೊಂಬತ್ತು ಪದಗಳ ಶೀರ್ಷಿಕೆಯನ್ನು ಹಾಕಿ ನೋಡಿ: ಮೊಬೈಲಿನಲ್ಲಿ ಅದು ಐದಾರು ಸಾಲಿಗೆ ಒಡೆದು, ಚಿತ್ರವನ್ನು ಪರದೆಯ ಆಚೆಗೆ ತಳ್ಳುತ್ತದೆ. ಚಿತ್ರವೇ ಇಲ್ಲದ ಲೇಖನವಿದ್ದರೆ ಕೆಲವು ಥೀಮ್‌ಗಳು ಆ ಜಾಗದಲ್ಲಿ ಬೂದುಬಣ್ಣದ ಖಾಲಿ ಚೌಕವನ್ನು ಉಳಿಸಿಕೊಳ್ಳುತ್ತವೆ.

ಆದ್ದರಿಂದ ನಿಮ್ಮಲ್ಲಿರುವ ಲೇಖನಗಳ ಪೈಕಿ ಅತ್ಯಂತ ತೊಡಕಿನದನ್ನು, ಅಂದರೆ ಉದ್ದನೆಯ ಶೀರ್ಷಿಕೆ, ಕೋಷ್ಟಕ, ಉಲ್ಲೇಖ, ಅಡಿಟಿಪ್ಪಣಿ ಎಲ್ಲವೂ ಇರುವ ಒಂದನ್ನು ಆರಿಸಿ, ಅದನ್ನೇ ಪ್ರತಿಯೊಂದು ಥೀಮ್‌ನಲ್ಲಿಯೂ ಇಟ್ಟು ನೋಡಿ. ಇದಕ್ಕೆ ನಿಜವಾದ ತಾಣವನ್ನು ಬಳಸಬೇಕಾಗಿಲ್ಲ. ಬ್ರೌಸರಿನಲ್ಲಿಯೇ ನಡೆಯುವ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಎಂಬ ಸೌಲಭ್ಯವಿದ್ದು, ಹೋಸ್ಟಿಂಗ್ ಇಲ್ಲದೆಯೇ ಥೀಮ್ ಅಳವಡಿಸಿ ಪರೀಕ್ಷಿಸಲು ಅದು ಸಾಕು. ಥೀಮ್ ತಯಾರಕರಿಗೆಂದೇ ವರ್ಡ್‌ಪ್ರೆಸ್ ಸಮುದಾಯವು ಸಿದ್ಧಪಡಿಸಿರುವ ‘ಥೀಮ್ ಯೂನಿಟ್ ಟೆಸ್ಟ್’ ಎಂಬ ಮಾದರಿ ಬರಹಗಳ ಕಡತವೂ ಇದೆ. ಅತಿ ಉದ್ದದ ಶೀರ್ಷಿಕೆ, ಒಂದರೊಳಗೊಂದು ಸೇರಿದ ಪಟ್ಟಿ, ಒಂದಕ್ಕೊಂದು ಉತ್ತರವಾಗಿ ಬಂದ ಓದುಗರ ಪ್ರತಿಕ್ರಿಯೆಗಳಂತಹ ಕಷ್ಟದ ಸಂದರ್ಭಗಳನ್ನೆಲ್ಲ ಅದರಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿದ್ದಾರೆ. ಅದನ್ನು ಆಮದು ಮಾಡಿಕೊಂಡರೆ ಥೀಮ್‌ನ ದೌರ್ಬಲ್ಯ ತಾನಾಗಿಯೇ ಹೊರಬೀಳುತ್ತದೆ.

ನಂಬಿಕೆಯ ವಿಷಯಕ್ಕೆ ಬಂದರೆ, ಉಚಿತ ಎಂಬ ಒಂದೇ ಕಾರಣಕ್ಕೆ ಅನುಮಾನ ಪಡಬೇಕಾಗಿಲ್ಲ. ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದೇ ಮುಖ್ಯ. ವರ್ಡ್‌ಪ್ರೆಸ್‌ನ ಅಧಿಕೃತ ಥೀಮ್ ಸಂಗ್ರಹಕ್ಕೆ ಸೇರುವ ಪ್ರತಿ ಥೀಮ್ ಪರಿಶೀಲನೆಗೆ ಒಳಗಾಗುತ್ತದೆ, ಮತ್ತು ಅದರ ಸಂಕೇತ (ಕೋಡ್) ಮಾತ್ರವಲ್ಲದೆ ಜೊತೆಗೆ ಬರುವ ಫಾಂಟ್, ಚಿತ್ರಗಳೂ ಬಳಸಲು, ತಿದ್ದಲು, ಹಂಚಲು ಎಲ್ಲರಿಗೂ ಅನುಮತಿ ಕೊಡುವ ಜಿಪಿಎಲ್ ಪರವಾನಗಿಗೆ ಹೊಂದಬೇಕೆಂಬ ನಿಯಮವಿದೆ. ಇದಕ್ಕೆ ವಿರುದ್ಧವಾಗಿ, ಹಣಕ್ಕೆ ಮಾರುವ ಥೀಮ್‌ಗಳನ್ನು ‘ನಲ್ಡ್’ ಎಂಬ ಹೆಸರಿನಲ್ಲಿ ಪುಕ್ಕಟೆ ಹಂಚುವ ತಾಣಗಳಿವೆ. ಅವುಗಳ ಹತ್ತಿರವೂ ಸುಳಿಯಬೇಡಿ. ಅಂತಹ ಥೀಮ್‌ನ ‘ಫಂಕ್ಷನ್ಸ್’ ಕಡತವನ್ನು ತೆರೆದರೆ, ಬೇಸ್64 ವಿಧಾನದಲ್ಲಿ ಮರೆಮಾಡಿದ ಅರ್ಥವಾಗದ ಅಕ್ಷರಗಳ ಉದ್ದನೆಯ ಸಾಲು, ಅದರ ಪಕ್ಕದಲ್ಲಿ ಅದನ್ನು ಚಾಲನೆಗೊಳಿಸುವ ಆಜ್ಞೆ ಕಂಡುಬರುವುದುಂಟು. ಹೊರಗಿನವರು ನಿಮ್ಮ ತಾಣದೊಳಗೆ ಕಾಣದ ಕೊಂಡಿಗಳನ್ನು ತುಂಬಲು ಅಥವಾ ಓದುಗರನ್ನು ಬೇರೆ ತಾಣಕ್ಕೆ ಎಳೆದೊಯ್ಯಲು ಇಂಥ ದಾರಿಯನ್ನೇ ಬಳಸುತ್ತಾರೆ.

ಅಧಿಕೃತ ಸಂಗ್ರಹದಲ್ಲಿಯೂ ಥೀಮ್‌ನ ಪುಟವನ್ನು ನಿಧಾನವಾಗಿ ಓದಿ. ಕೊನೆಯ ಬಾರಿ ಅಪ್‌ಡೇಟ್ ಆದ ದಿನಾಂಕವನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ಆಮೇಲೆ ಬೆಂಬಲ ವಿಭಾಗಕ್ಕೆ ಹೋಗಿ, ಬಳಕೆದಾರರು ಕೇಳಿದ ಪ್ರಶ್ನೆಗಳಿಗೆ ತಯಾರಕರು ಉತ್ತರಿಸುತ್ತಿದ್ದಾರೆಯೇ, ಯಾವ ಧಾಟಿಯಲ್ಲಿ ಉತ್ತರಿಸುತ್ತಿದ್ದಾರೆ ಎಂಬುದನ್ನು ಗಮನಿಸುತ್ತೇನೆ. ನಕ್ಷತ್ರಗಳ ಎಣಿಕೆಗಿಂತ ಒಂದು ನಕ್ಷತ್ರ ಕೊಟ್ಟವರು ಬರೆದ ಕಾರಣಗಳಲ್ಲಿ ಹೆಚ್ಚಿನ ಮಾಹಿತಿ ಸಿಗುತ್ತದೆ.

ಅಕ್ಷರಸಾಲು:

ಸರಳರೇಖೆ ಅವರು ಹೇಳಿದ್ದನ್ನು ಒಪ್ಪುತ್ತಾ, ಕನ್ನಡ ಅಕ್ಷರಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ. ಏಕೆಂದರೆ ನಮ್ಮಲ್ಲಿ ಹೆಚ್ಚಿನ ಜಾಲತಾಣಗಳು ಓದಲು ಕಷ್ಟವಾಗುವುದು ಇಲ್ಲಿಯೇ, ಮತ್ತು ಸರಿಪಡಿಸಲು ಸುಲಭವಾದ ದೋಷವೂ ಇದೇ.

ಬಹುತೇಕ ಥೀಮ್‌ಗಳನ್ನು ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿರುತ್ತಾರೆ. ಆ ಲಿಪಿಯಲ್ಲಿ ಅಕ್ಷರದ ಕೆಳಗೆ ಇಳಿಯುವ ಭಾಗ ಕಡಿಮೆ, ಆದ್ದರಿಂದ ಶೀರ್ಷಿಕೆಗಳಿಗೆ ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟಿನಷ್ಟು ಬಿಗಿಯಾಗಿ ಇಡುತ್ತಾರೆ. ಕನ್ನಡದಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ ಮುಂತಾದ ಪದಗಳ ಒತ್ತಕ್ಷರಗಳು ಒಂದರ ಬಳಿಕ ಒಂದು ಕೆಳಗಿಳಿಯುತ್ತವೆ. ಮುಂದಿನ ಸಾಲಿನ ‘ಕಿ’, ‘ಮೇ’ಗಳ ಗುಡಿಸು ಮತ್ತು ಏತ್ವ ಮೇಲೇರುತ್ತವೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಇವೆರಡೂ ಒಂದನ್ನೊಂದು ತಾಗಿ ಕಲಸಿಹೋಗುತ್ತವೆ. ಶೀರ್ಷಿಕೆಯ ಚೌಕಟ್ಟಿನಿಂದ ಹೊರಚಾಚಿದ್ದನ್ನು ಮರೆಮಾಡುವ ನಿಯಮವೂ ಆ ಥೀಮ್‌ನಲ್ಲಿ ಇದ್ದರೆ ಕೊನೆಯ ಸಾಲಿನ ಒತ್ತಕ್ಷರಗಳ ಬುಡವೇ ಕತ್ತರಿಸಿದಂತೆ ಕಾಣುತ್ತದೆ. ಶೀರ್ಷಿಕೆಗೆ 1.4ರಿಂದ 1.5, ಮುಖ್ಯ ಬರಹಕ್ಕೆ 1.7ರ ಆಸುಪಾಸಿನಲ್ಲಿ ಅಂತರವಿಟ್ಟರೆ ಕನ್ನಡಕ್ಕೆ ಉಸಿರಾಡಲು ಜಾಗ ಸಿಗುತ್ತದೆ ಎಂಬುದು ನನ್ನ ಅನುಭವ. ಈ ಅಳತೆಯನ್ನು ಸೆಟ್ಟಿಂಗ್ಸ್‌ನಿಂದಲೇ ಬದಲಿಸಲು ಅವಕಾಶವಿದೆಯೇ ಎಂಬುದನ್ನು ಥೀಮ್ ಆರಿಸುವ ಮೊದಲೇ ನೋಡಿ.

ಎರಡನೆಯದು ಫಾಂಟ್. ಥೀಮ್‌ನೊಂದಿಗೆ ಬರುವ ಚಂದದ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ಬ್ರೌಸರ್ ಓದುಗರ ಸಾಧನದಲ್ಲಿರುವ ಫಾಂಟನ್ನು ಎತ್ತಿಕೊಳ್ಳುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೊ, ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್. ಹೀಗಾಗಿ ಒಂದೇ ಪುಟ ಒಬ್ಬೊಬ್ಬರಿಗೆ ಒಂದೊಂದು ರೀತಿ ಕಾಣುತ್ತದೆ, ಮತ್ತು ನಡುವೆ ಬರುವ ಅಂಕಿಗಳು ಬೇರೊಂದು ಫಾಂಟ್‌ನಲ್ಲಿದ್ದು ಗಾತ್ರ ಹೊಂದುವುದಿಲ್ಲ. ನೋಟೊ ಸೆರಿಫ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ದೀರ್ಘ ಲೇಖನಗಳಿಗೆ ನಾನು ನೋಟೊ ಸೆರಿಫ್ ಅನ್ನು ಮೆಚ್ಚುತ್ತೇನೆ. ಬಲೂ ತಮ್ಮ ಶೀರ್ಷಿಕೆಗೆ ಒಪ್ಪುತ್ತದೆಯೇ ಹೊರತು ಮುಖ್ಯ ಬರಹಕ್ಕಲ್ಲ. ವರ್ಡ್‌ಪ್ರೆಸ್‌ನ 6.5ನೆಯ ಆವೃತ್ತಿಯಿಂದ, ಅಂದರೆ 2024ರ ಏಪ್ರಿಲ್‌ನಿಂದ, ಬ್ಲಾಕ್ ಥೀಮ್‌ಗಳಲ್ಲಿ (ಪುಟದ ಎಲ್ಲ ಭಾಗಗಳನ್ನೂ ಬ್ಲಾಕ್ ಎಂಬ ತುಣುಕುಗಳಿಂದ ಕಟ್ಟುವ ಥೀಮ್‌ಗಳಲ್ಲಿ) ಫಾಂಟ್ ಲೈಬ್ರರಿ ಇದೆ. ಫಾಂಟನ್ನು ನಿಮ್ಮ ಸರ್ವರಿಗೇ ಇಳಿಸಿಕೊಂಡು ಬಳಸಬಹುದು. ಓದುಗರ ಬ್ರೌಸರ್ ಗೂಗಲ್‌ನ ಸರ್ವರನ್ನು ಸಂಪರ್ಕಿಸುವುದು ಇದರಿಂದ ತಪ್ಪುತ್ತದೆ. ಖಾಸಗಿತನದ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ: ಗೂಗಲ್ ಫಾಂಟನ್ನು ನೇರವಾಗಿ ಅಲ್ಲಿಂದಲೇ ತರಿಸುತ್ತಿದ್ದ ತಾಣವೊಂದು ಸಂದರ್ಶಕರ ಐಪಿ ವಿಳಾಸವನ್ನು ಅನುಮತಿಯಿಲ್ಲದೆ ಹಂಚಿಕೊಂಡಂತಾಯಿತೆಂದು ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2022ರ ಜನವರಿಯಲ್ಲಿ ತೀರ್ಪು ಕೊಟ್ಟು, 100 ಯೂರೊ ಪರಿಹಾರ ಕೊಡಿಸಿತ್ತು.

ಇನ್ನೂ ಕೆಲವನ್ನು ಬೇಗನೆ ಹೇಳಿಬಿಡುತ್ತೇನೆ. ಉಲ್ಲೇಖಗಳನ್ನು ಓರೆ ಅಕ್ಷರದಲ್ಲಿ ತೋರಿಸುವ ಥೀಮ್ ಆದರೆ ಅದನ್ನು ತೆಗೆಯಲು ಸಾಧ್ಯವಿರಬೇಕು, ಏಕೆಂದರೆ ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪವಿಲ್ಲದೆ ಬ್ರೌಸರೇ ಅಕ್ಷರಗಳನ್ನು ಬಲವಂತವಾಗಿ ವಾಲಿಸುತ್ತದೆ. ಪ್ರತ್ಯಯಗಳು ಸೇರಿ ಉದ್ದವಾದ ನಮ್ಮ ಪದಗಳು ಕಿರಿದಾದ ಅಂಕಣಗಳಲ್ಲಿ ಹೊರಚಾಚುತ್ತವೆ, ಆದ್ದರಿಂದ ಮೂರು ಅಂಕಣಗಳ ಮುಖಪುಟ ನಿಮಗೆ ಬೇಡ. ವರ್ಡ್‌ಪ್ರೆಸ್ ತಾನಾಗಿ ಮಾಡುವ ಸಾರಾಂಶಕ್ಕೆ 55 ಪದಗಳ ಮಿತಿ ಇದೆ; ಅಷ್ಟು ಕನ್ನಡ ಪದಗಳು ಇಂಗ್ಲಿಷಿನ 55 ಪದಗಳಿಗಿಂತ ಬಹಳ ಹೆಚ್ಚು ಜಾಗ ಹಿಡಿಯುವುದರಿಂದ ಆ ಮಿತಿಯನ್ನು ಇಳಿಸಲು ಬರುವಂತಿದ್ದರೆ ಒಳ್ಳೆಯದು.

ಹೊಸಪುಟ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ನಮ್ಮ ತೊಡಕಿನ ಲೇಖನವೊಂದನ್ನು ಹಲವು ಥೀಮ್‌ಗಳಲ್ಲಿ ಇಟ್ಟು ನೋಡಿದೆ. ಅನೇಕವು ಅಲ್ಲಿಯೇ ಬಿದ್ದುಹೋದವು. ಈಗ ಎರಡು ಉಳಿದಿವೆ. ಒಂದು ವರ್ಡ್‌ಪ್ರೆಸ್‌ನ ಜೊತೆಗೇ ಬರುವ ಟ್ವೆಂಟಿ ಟ್ವೆಂಟಿ-ಫೈವ್. ಇನ್ನೊಂದು ನೋಟಕ್ಕೆ ಹೆಚ್ಚು ಸಮೃದ್ಧವಾದದ್ದು, ಆದರೆ ಅಳವಡಿಸಿದ ಕೂಡಲೇ ತನ್ನದೇ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶ) ಹಾಕಿಕೊಳ್ಳಿ ಎನ್ನುತ್ತದೆ, ಮತ್ತು ಸೆಟ್ಟಿಂಗ್ಸ್‌ನ ಅನೇಕ ಆಯ್ಕೆಗಳ ಪಕ್ಕದಲ್ಲಿ ಬೀಗದ ಗುರುತಿದೆ. ಯಾವುದನ್ನು ಆರಿಸಲಿ?

ಕೀಲಿಮಣೆ:

ಮೊದಲನೆಯದನ್ನು ಆರಿಸಿ ಎನ್ನುತ್ತೇನೆ. ಕಾರಣ ನಿಮ್ಮ ಮೂಲ ಪ್ರಶ್ನೆಯ ಕೊನೆಯ ಭಾಗದಲ್ಲಿಯೇ ಇದೆ.

ವರ್ಡ್‌ಪ್ರೆಸ್‌ನಲ್ಲಿ ಬರಹಗಳು ಡೇಟಾಬೇಸ್‌ನಲ್ಲಿರುತ್ತವೆ, ಥೀಮ್ ಅವುಗಳನ್ನು ತೋರಿಸುವ ಕೆಲಸ ಮಾತ್ರ ಮಾಡಬೇಕು. ಈ ಗೆರೆಯನ್ನು ದಾಟಿ, ಲೇಖನದ ಒಳಗಿನ ಒತ್ತುಗುಂಡಿ, ಅಂಕಣ, ಚಿತ್ರಮಾಲೆಗಳನ್ನು ತನ್ನದೇ ಶಾರ್ಟ್‌ಕೋಡ್‌ಗಳಿಂದ (ಚೌಕ ಆವರಣದೊಳಗೆ ಬರೆಯುವ ಕಿರು ಆಜ್ಞೆಗಳಿಂದ) ಮಾಡಿಸುವ ಥೀಮ್ ಅಥವಾ ಅದರ ಜೊತೆಗಾರ ಪ್ಲಗಿನ್ ನಿಮ್ಮನ್ನು ಕಟ್ಟಿಹಾಕುತ್ತದೆ. ಅದನ್ನು ತೆಗೆದ ದಿನ ಪ್ರತಿ ಲೇಖನದ ನಡುನಡುವೆ ಚೌಕ ಆವರಣದೊಳಗಿನ ಅರ್ಥವಿಲ್ಲದ ಪದಗಳು ಓದುಗರ ಕಣ್ಣೆದುರಿಗೇ ಉಳಿಯುತ್ತವೆ, ಮತ್ತು ಅವನ್ನು ಒಂದೊಂದಾಗಿ ಕೈಯಿಂದ ಅಳಿಸಬೇಕಾಗುತ್ತದೆ. ವರ್ಡ್‌ಪ್ರೆಸ್‌ನ ಸ್ವಂತ ಬ್ಲಾಕ್‌ಗಳಿಂದ ರಚಿಸಿದ ಲೇಖನಕ್ಕೆ ಈ ಗತಿ ಬರುವುದಿಲ್ಲ. ಬೀಗದ ಗುರುತುಗಳ ಬಗ್ಗೆ ಹೇಳುವುದಾದರೆ, ಉಚಿತ ಥೀಮ್ ಕೊಟ್ಟವರು ಹೆಚ್ಚಿನ ಸೌಲಭ್ಯಕ್ಕೆ ಹಣ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಬಣ್ಣ, ಅಕ್ಷರದ ಗಾತ್ರ, ಸಾಲಿನ ಅಂತರದಂತಹ ಮೂಲಭೂತ ಆಯ್ಕೆಗಳಿಗೇ ಬೀಗ ಬಿದ್ದಿದ್ದರೆ ಆ ಥೀಮ್ ನಿಮ್ಮ ಕೆಲಸಕ್ಕೆ ಒದಗುವುದಿಲ್ಲ.

ಟ್ವೆಂಟಿ ಟ್ವೆಂಟಿ-ಫೈವ್ 2024ರ ನವೆಂಬರ್‌ನಲ್ಲಿ ವರ್ಡ್‌ಪ್ರೆಸ್ 6.7ರ ಜೊತೆ ಬಂದ ಬ್ಲಾಕ್ ಥೀಮ್. ಶಿರೋಭಾಗದಿಂದ ಅಡಿಭಾಗದವರೆಗೆ ಎಲ್ಲವನ್ನೂ ಸಂಪಾದಕದಲ್ಲಿಯೇ ತಿದ್ದಬಹುದು. ಅದರ ಮುಖ್ಯ ಫಾಂಟ್ ಆದ ಮ್ಯಾನ್‌ರೋಪ್‌ನಲ್ಲಿ ಕನ್ನಡವಿಲ್ಲ, ಹಾಗಾಗಿ ಅಕ್ಷರಸಾಲು ಅವರು ಹೇಳಿದ ಫಾಂಟ್ ಮತ್ತು ಅಂತರದ ಬದಲಾವಣೆಗಳನ್ನು ‘ಸ್ಟೈಲ್ಸ್’ ವಿಭಾಗದಲ್ಲಿ ಮಾಡಿಕೊಳ್ಳಿ. ಅಲ್ಲಿ ಮಾಡಿದ ಬದಲಾವಣೆಗಳು ಡೇಟಾಬೇಸ್‌ನಲ್ಲಿ ಉಳಿಯುವುದರಿಂದ ಥೀಮ್ ಅಪ್‌ಡೇಟ್ ಆದಾಗ ಅಳಿಸಿಹೋಗುವುದಿಲ್ಲ. ಥೀಮ್‌ನ ಕಡತಗಳನ್ನೇ ತೆರೆದು ತಿದ್ದಿದರೆ ಮಾತ್ರ ಮುಂದಿನ ಅಪ್‌ಡೇಟ್ ಅವನ್ನೆಲ್ಲ ಒರೆಸಿಹಾಕುತ್ತದೆ. ಅಂತಹ ಅಗತ್ಯ ಬಿದ್ದರೆ ಮೂಲ ಥೀಮನ್ನು ಆಧರಿಸಿ ಬೇರೆಯಾಗಿ ಇಡುವ ಚೈಲ್ಡ್ ಥೀಮ್ ಮಾಡಿಕೊಂಡು ಅದರಲ್ಲಿ ತಿದ್ದಿ.

ತೆರೆದಕಿಟಕಿ:

ಈ ಚರ್ಚೆಯಲ್ಲಿ ಇನ್ನೂ ಬಾರದ ಎರಡು ಪರೀಕ್ಷೆಗಳನ್ನು ಸೇರಿಸುತ್ತೇನೆ. ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಪುಟದಲ್ಲಿ ಸಂಚರಿಸಿ ನೋಡಿ. ಪ್ರತಿ ಹೆಜ್ಜೆಗೂ ನೀವು ಯಾವ ಕೊಂಡಿಯ ಮೇಲಿದ್ದೀರಿ ಎಂಬುದು ಕಣ್ಣಿಗೆ ಕಾಣಬೇಕು, ಉಪಮೆನು ತೆರೆಯಬೇಕು, ಮೆನುವನ್ನು ದಾಟಿ ನೇರವಾಗಿ ಬರಹಕ್ಕೆ ಹೋಗುವ ಕೊಂಡಿ ಮೊದಲಲ್ಲೇ ಸಿಗಬೇಕು. ತೆಳು ಬೂದುಬಣ್ಣದ ಬರಹವನ್ನು ಸೊಗಸೆಂದು ಭಾವಿಸುವ ಥೀಮ್‌ಗಳು ಬಹಳವಿವೆ. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಹೊಳಪಿನ ವ್ಯತ್ಯಾಸವಿರಬೇಕೆಂದು, ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಓದುಗರಲ್ಲಿ ಹಿರಿಯರೂ ದೃಷ್ಟಿ ಮಂದವಾದವರೂ ಇರುತ್ತಾರೆ. ಅವರನ್ನು ಹೊರಗಿಡುವ ವಿನ್ಯಾಸವನ್ನು ಒಳ್ಳೆಯ ವಿನ್ಯಾಸ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಅಧಿಕೃತ ಸಂಗ್ರಹದಲ್ಲಿ ‘ಆಕ್ಸೆಸಿಬಿಲಿಟಿ ರೆಡಿ’ ಎಂಬ ಗುರುತಿನಿಂದ ಥೀಮ್‌ಗಳನ್ನು ಸೋಸಿಕೊಳ್ಳಬಹುದು.

ಎರಡನೆಯದು ವೇಗ. ಒಂದೇ ಲೇಖನವನ್ನು ಎರಡೂ ಥೀಮ್‌ಗಳಲ್ಲಿ ಇಟ್ಟು ಪುಟದ ವೇಗ ಅಳೆಯುವ ಗೂಗಲ್‌ನ ಸಾಧನವಾದ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಹೋಲಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಪುಟ ತೆರೆಯುವಾಗ ಬರಹ ಅತ್ತಿತ್ತ ಜಿಗಿಯುವ ಪ್ರಮಾಣ (ಅಲ್ಲಿ ‘ಸಿಎಲ್ಎಸ್’ ಎಂದು ಕಾಣುವ ಅಂಕ) 0.1ಕ್ಕಿಂತ ಕಡಿಮೆಯಿರಬೇಕು. ಕನ್ನಡ ಫಾಂಟ್‌ನ ಕಡತ ಸಾಮಾನ್ಯವಾಗಿ ದೊಡ್ಡದಾಗಿರುವುದರಿಂದ, ಸಾದಾ ಮತ್ತು ದಪ್ಪ ಎರಡೇ ತೂಕಗಳನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಿ.

ಹೊಸಪುಟ:

ಟ್ವೆಂಟಿ ಟ್ವೆಂಟಿ-ಫೈವ್ ಅನ್ನೇ ಆರಿಸಿದೆವು. ನೋಟೊ ಸೆರಿಫ್ ಹಾಕಿ ಅಂತರ ಹೆಚ್ಚಿಸಿದ ಮೇಲೆ ಅದೇ ಲೇಖನ ಓದಲು ಎಷ್ಟೋ ಹಿತವಾಗಿದೆ. ಕೊನೆಯದಾಗಿ ಒಂದು ಪ್ರಶ್ನೆ: ಪುಟದ ಅಡಿಯಲ್ಲಿ ಬರುವ ‘ವರ್ಡ್‌ಪ್ರೆಸ್‌ನಿಂದ ರೂಪಿತ’ ಎಂಬಂತಹ ಸಾಲನ್ನು ತೆಗೆಯಬಹುದೇ, ಅಥವಾ ಉಚಿತ ಥೀಮ್ ಬಳಸುವವರು ಅದನ್ನು ಉಳಿಸಿಕೊಳ್ಳಲೇಬೇಕೇ?

ಸರಳರೇಖೆ:

ತೆಗೆಯಬಹುದು. ಜಿಪಿಎಲ್ ಪರವಾನಗಿಯು ಆಕರ ಸಂಕೇತದೊಳಗಿನ ಹಕ್ಕುಸ್ವಾಮ್ಯದ ಟಿಪ್ಪಣಿಯನ್ನು ಉಳಿಸಿಕೊಳ್ಳಲು ಹೇಳುತ್ತದೆಯೇ ಹೊರತು, ಓದುಗರಿಗೆ ಕಾಣುವ ಕೊಂಡಿಯನ್ನು ಇಡಬೇಕೆಂದು ವಿಧಿಸುವುದಿಲ್ಲ. ಸೈಟ್ ಎಡಿಟರಿನಲ್ಲಿ ಅಡಿಭಾಗವನ್ನು ತೆರೆದು ಆ ಸಾಲಿನ ಬದಲು ನಿಮ್ಮ ಬಳಗದ ಪರಿಚಯವನ್ನು ಬರೆಯಿರಿ. ವರ್ಡ್‌ಪ್ರೆಸ್‌ನ ಹೊರಗೆ ಸಿಗುವ ಎಲ್ಲ ಉಚಿತ ವಿನ್ಯಾಸಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಉದಾಹರಣೆಗೆ ಎಚ್‌ಟಿಎಂಎಲ್5 ಅಪ್ ತಾಣದ ಟೆಂಪ್ಲೇಟ್‌ಗಳು ಕ್ರಿಯೇಟಿವ್ ಕಾಮನ್ಸ್‌ನ ಆಟ್ರಿಬ್ಯೂಷನ್ 3.0 ಪರವಾನಗಿಯಲ್ಲಿವೆ, ಅಲ್ಲಿ ರೂಪಿಸಿದವರ ಹೆಸರನ್ನು ಉಳಿಸಿಕೊಳ್ಳುವುದು ಕಡ್ಡಾಯ. ನಿಮ್ಮ ಬಳಗದವರು ಮುಂದೆ ಬೇರೆ ಕಡೆಯಿಂದ ಟೆಂಪ್ಲೇಟ್ ತಂದರೆ, ಅದರ ಜೊತೆಗಿರುವ ಪರವಾನಗಿಯ ಕಡತವನ್ನು ತೆರೆದು ಓದಿದ ನಂತರವೇ ಅಡಿಭಾಗವನ್ನು ಮುಟ್ಟಲಿ.