ನೀರುದೋಸೆ ಹಿಟ್ಟು ತಳಕ್ಕೆ ಕೂರುವುದು ಯಾಕೆ?

ಪ್ರಶ್ನೆ (ಕಾಪು): ಮೊದಲ ನೀರುದೋಸೆ ತೆಳ್ಳಗೆ, ಚೆನ್ನಾಗಿ ಬರುತ್ತದೆ. ನಾಲ್ಕೈದು ಹುಯ್ಯುವಷ್ಟರಲ್ಲಿ ಪಾತ್ರೆಯ ಮೇಲೆ ಬರೀ ನೀರು, ಅಡಿಯಲ್ಲಿ ಗಟ್ಟಿ ಅಕ್ಕಿ. ಅದೇ ಹಿಟ್ಟಿಗೆ ಹಾಕಿದ ಉಪ್ಪು ಮಾತ್ರ ಎಲ್ಲ ದೋಸೆಯಲ್ಲೂ ಸಮ ಇರುತ್ತದೆ. ಯಾಕೆ?

ಉತ್ತರ (ಮಣ್ಣಗುಡ್ಡೆ): ಉಪ್ಪು ಕರಗುತ್ತದೆ, ಅಕ್ಕಿ ಕರಗುವುದಿಲ್ಲ. ಎಷ್ಟು ಅರೆದರೂ ಅದು ಸಣ್ಣ ಸಣ್ಣ ಕಣಗಳೇ. ಅಕ್ಕಿಯ ಪಿಷ್ಟ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಇಳಿಯಲೇಬೇಕು. ಎಷ್ಟು ಬೇಗ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಕಣದ ಅಡ್ಡಳತೆ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ. ನನಗೆ ಇದು ತುಂಬಾ ಇಷ್ಟದ ಲೆಕ್ಕ. ಶಾಲೆಯಲ್ಲಿ ಮಕ್ಕಳಿಗೆ ಗಾಜಿನ ಲೋಟದಲ್ಲಿ ಹಿಟ್ಟು ಕಲಸಿಟ್ಟು ತೋರಿಸುತ್ತೇನೆ, ಕಣ್ಣೆದುರೇ ಪದರ ಬೀಳುತ್ತದೆ. ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ಚೆನ್ನಾಗಿ ನೆನೆಸಿ ಆದಷ್ಟು ನುಣ್ಣಗೆ ಅರೆಯಿರಿ. ಆದರೂ ಪ್ರತಿ ದೋಸೆಗೆ ಮುಂಚೆ ಸೌಟಿನಿಂದ ಅಡಿಯಿಂದಲೇ ಕಲಕಬೇಕು. ಉದ್ದಿನ ದೋಸೆಗೆ ಈ ರಗಳೆ ಇಲ್ಲ, ಆ ಹಿಟ್ಟು ದಪ್ಪ ಅಲ್ವಾ.

ಪ್ರಶ್ನೆ (ಕಾಪು): ಬಿಸಿನೀರು ಹಾಕಿ ಕಲಸಿದರೆ ಕೂರುವುದು ನಿಲ್ಲುತ್ತದಾ ಮೇಷ್ಟ್ರೇ?

ಉತ್ತರ (ಮಲ್ಪೆ): ಬೇಡ ಮಾರಾಯ್ರೆ, ಗಂಟು ಕಟ್ಟುತ್ತದೆ.

ಉತ್ತರ (ಮಣ್ಣಗುಡ್ಡೆ): ಅವರು ಹೇಳಿದ್ದು ಸರಿ. ಕುದಿಯುವ ನೀರಿಗೆ ಪಿಷ್ಟ ಊದಿಕೊಂಡು ಅಂಟಾಗುತ್ತದೆ. ಒಣ ಹಿಟ್ಟಿಗೆ ಸುರಿದರಂತೂ ಮುದ್ದೆಯ ಹೊರಗೆ ಅಂಟಿನ ಪದರ ಬಂದು ಒಳಗಿನ ಹಿಟ್ಟು ಹಾಗೇ ಒಣಗಿ ಉಳಿಯುತ್ತದೆ. ನೀರುದೋಸೆಗೆ ತಣ್ಣೀರೇ ಸರಿ.